ಅಡಿಗೆಯ ಗಡಿಯಾರವನ್ನು ನಂಬಬಹುದೆ?

ನ್ಯೋಕ್ಕಿ ಎಂಬುದು ಇಟಲಿಯ ತಿನಿಸು. ಬೇಯಿಸಿ ಮಸೆದ ಆಲೂಗಡ್ಡೆಗೆ ಗೋಧಿಹಿಟ್ಟು ಬೆರೆಸಿ, ಬೆರಳ ತುದಿಯಷ್ಟು ಗಾತ್ರದ ಉಂಡೆಗಳನ್ನು ಮಾಡಿ ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ಅದನ್ನು ಕೋಳಿಮಾಂಸದ ತುಂಡುಗಳೊಡನೆ ಕೆನೆಯಲ್ಲಿ ಕಲಸಿ, ಮೇಲೆ ಚೀಸ್ ಉದುರಿಸಿ ಓವನ್ನಿನಲ್ಲಿಟ್ಟರೆ ಚಳಿಯ ರಾತ್ರಿಗೆ ಹಿತವಾದ ಊಟ ಸಿದ್ಧವಾಗುತ್ತದೆ. ಪಾಕಪುಸ್ತಕಗಳು ಇದಕ್ಕೆ '200 ಡಿಗ್ರಿ, 25 ನಿಮಿಷ' ಎಂಬಂತಹ ಅಪ್ಪಣೆಯನ್ನು ಕೊಡುತ್ತವೆ. ನನ್ನ ಆಕ್ಷೇಪವಿರುವುದು ಈ ನಿಮಿಷಗಳ ಮೇಲೆ.

ಓವನ್ನಿನ ಗಾಳಿ 200 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಿದ್ದರೂ ಪಾತ್ರೆಯೊಳಗಿನ ಕೆನೆ 100 ಡಿಗ್ರಿಯ ಆಸುಪಾಸನ್ನು ದಾಟಲಾರದು. ನೀರಿನಂಶ ಇರುವವರೆಗೆ, ಬಂದ ಶಾಖವೆಲ್ಲ ಅದನ್ನು ಆವಿಯಾಗಿಸುವುದಕ್ಕೇ ವೆಚ್ಚವಾಗುತ್ತದೆ. ಒಂದು ಗ್ರಾಂ ನೀರು ಕುದಿದು ಆವಿಯಾಗಲು ಸುಮಾರು 540 ಕೆಲೊರಿ ಬೇಕೆಂಬುದನ್ನು ವಿದ್ಯಾರ್ಥಿಗಳು ಬಲ್ಲರಷ್ಟೆ. ಮೇಲಿನ ಪದರ ಮಾತ್ರ ಒಣಗಿ, 140 ಡಿಗ್ರಿಯನ್ನು ಮೀರಿ, ಹೊಂಬಣ್ಣಕ್ಕೆ ತಿರುಗುತ್ತದೆ. ಅಮೈನೋ ಆಮ್ಲಗಳೂ ಸಕ್ಕರೆಗಳೂ ಕೂಡಿ ನಡೆಸುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಅವರು 1912ರಲ್ಲಿ ವರ್ಣಿಸಿದರು. ಬಣ್ಣ ಕಣ್ಣಿಗೆ ಸೊಗಸು, ನಾಲಗೆಗೆ ರುಚಿ. ಆದರೆ ಒಳಗಿನ ಮಾಂಸ ಬೆಂದಿತೋ ಇಲ್ಲವೋ ಎಂಬ ವಿಷಯದಲ್ಲಿ ಅದು ಮೂಕಸಾಕ್ಷಿ.

ನ್ಯೋಕ್ಕಿಯ ಮಟ್ಟಿಗೆ ಅಡಿಗೆಯವರಿಗೆ ಒಳ್ಳೆಯ ಕುರುಹೊಂದಿದೆ. ನೀರಿಗೆ ಹಾಕಿದೊಡನೆ ಮುಳುಗುವ ಉಂಡೆ, ಒಳಗಿನ ಗಾಳಿ ಹಿಗ್ಗಿ, ಪಿಷ್ಟ ಉಬ್ಬಿ, ನೀರಿಗಿಂತ ಕಡಮೆ ಸಾಂದ್ರತೆಯದಾದಾಗ ಮೇಲೆದ್ದು ತೇಲುತ್ತದೆ. ಆರ್ಕಿಮಿಡೀಸನೇ ಬಂದು ಗಂಟೆ ಬಾರಿಸಿದಂತೆ! ಉಂಡೆ ಚಿಕ್ಕದಾದುದರಿಂದ ಅಷ್ಟರಲ್ಲಿ ಅದರ ನಡುವಿಗೂ ಕಾವು ತಲಪಿರುತ್ತದೆ.

ಕೋಳಿಮಾಂಸಕ್ಕೆ ಅಂತಹ ಗಂಟೆಯಿಲ್ಲ. ಘನವಸ್ತುವಿನ ನಡುವಿಗೆ ಶಾಖ ಮುಟ್ಟಲು ಬೇಕಾಗುವ ಕಾಲವು ಸ್ಥೂಲವಾಗಿ ಅದರ ದಪ್ಪದ ವರ್ಗಕ್ಕೆ ಅನುಗುಣವಾದುದು. 2 ಸೆಂಟಿಮೀಟರ್ ದಪ್ಪದ ತುಂಡಿಗೆ ಹಿಡಿಯುವ ಕಾಲದ ನಾಲ್ಕರಷ್ಟು 4 ಸೆಂಟಿಮೀಟರಿನದಕ್ಕೆ ಬೇಕಾದೀತು. ಮಾಂಸ ಶೀತಪೆಟ್ಟಿಗೆಯಿಂದ ಆಗತಾನೆ ಹೊರಬಂದಿದ್ದರೆ ಇನ್ನಷ್ಟು. ಪುಸ್ತಕ ಬರೆದವರು ನಿಮ್ಮ ತುಂಡನ್ನು ಕಂಡಿದ್ದಾರೆಯೆ? ಅರೆಬೆಂದ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲದಂತಹ ರೋಗಾಣುಗಳು ಬದುಕಿ ಉಳಿಯಬಹುದು. ಆದಕಾರಣವೇ ಅಮೆರಿಕದ ಕೃಷಿ ಇಲಾಖೆಯು ಮಾಂಸದ ಒಳಗಿನ ಉಷ್ಣತೆ 74 ಡಿಗ್ರಿ ಮುಟ್ಟಬೇಕೆಂದು ಹೇಳುತ್ತದೆ. ಹೆದರಿಕೆಯಿಂದ ಅತಿಯಾಗಿ ಬೇಯಿಸಿದರೆ ರಸವೆಲ್ಲ ಹಿಂಡಿಹೋಗಿ ಮಾಂಸ ನಾರಾಗುತ್ತದೆ.

ಅನುಭವಸ್ಥರು ಉಷ್ಣಮಾಪಕವಿಲ್ಲದೆಯೇ ಸೊಗಸಾಗಿ ಅಡುವರಲ್ಲ ಎಂದು ಕೆಲವರು ಕೇಳಬಹುದು. ನಿಜ. ಅವರ ಒಲೆ, ಪಾತ್ರೆ, ತುಂಡಿನ ಗಾತ್ರ ಎಲ್ಲವೂ ವರ್ಷಾನುಗಟ್ಟಲೆ ಒಂದೇ. ಹೊಸದಾಗಿ ಕಲಿಯುವವನಿಗೆ ಆ ಸೌಕರ್ಯವೆಲ್ಲಿ? ಭೌತವಿಜ್ಞಾನಿ ನಿಕೊಲಸ್ ಕುರ್ಟಿಯವರು 1969ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಡಿಗೆಮನೆಯ ಭೌತವಿಜ್ಞಾನವನ್ನೇ ಕುರಿತು ಉಪನ್ಯಾಸವಿತ್ತರು. ಆದರೂ ಪಾಕಪುಸ್ತಕಗಳು ಇನ್ನೂ ಗಡಿಯಾರವನ್ನೇ ನೆಚ್ಚಿಕೊಂಡಿವೆ!

ಅಡಿಗೆಗೆಂದೇ ಮಾಡಿದ, ಲೋಹದ ಮೊನೆಯುಳ್ಳ ಉಷ್ಣಮಾಪಕವನ್ನು ತುಂಡಿನ ಅತ್ಯಂತ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿ ನೋಡಬೇಕು. ಕಾಲೇಜಿನ ಪ್ರಯೋಗಶಾಲೆಯ ಪಾದರಸದ ಉಷ್ಣಮಾಪಕವನ್ನು ಮಾತ್ರ ದಯವಿಟ್ಟು ಮನೆಗೆ ಒಯ್ಯಬೇಡಿ. ಅದು ಗಾಜು, ಒಡೆದರೆ ಊಟವೆಲ್ಲ ವಿಷ.