ಕೋಟೆಯ ಮೇಲೇಕೆ ಗೂಬೆ ಕೂರಿಸುವುದು?

ರಾಯಚೂರು ಬೆಳೆಯಲು ಕೋಟೆಯೇ ಅಡ್ಡಿ, ಒಂದೆರಡು ಸ್ಮಾರಕ ಉಳಿಸಿ ಮಿಕ್ಕಿದ್ದನ್ನು ರಸ್ತೆಗೆ ಬಿಡಬೇಕು ಎಂಬ ವಾದ ಪತ್ರಿಕೆ ಓದುವವರಿಗೆ ಹೊಸದಲ್ಲ. ಹಾಗೆ ಬರೆಯುವವರು ಒಮ್ಮೆ ಪಶ್ಚಿಮದ ಗೋಡೆಯ ಮುಂದೆ ನಿಲ್ಲಬೇಕು.

ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ; ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನವಿದೆ. ಆ ಬಂಡೆಯನ್ನು ಬಂಡಿಗೇರಿಸಿ ಕೋಣಗಳಿಂದ ಎಳೆಸಿದ ದೃಶ್ಯವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಗಾರೆಯಿಲ್ಲದೆ ಕೂಡಿಸಿದ ಒಳಗೋಡೆ ಏಳು ಶತಮಾನ ತಾಳಿದೆ. 1520ರಲ್ಲಿ ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್ ಶಾಹ ಕಾದಾಡಿದ್ದು ಇದೇ ಊರಿಗಾಗಿ.

‘ಒಂದೆರಡು ಸಾಕು’ ಎನ್ನುವುದೇ ತಪ್ಪು ಲೆಕ್ಕ. ಗುಡ್ಡ, ಕಂದಕ, ಗೋಡೆ, ಮಾವಿನಕೆರೆ ಒಂದಕ್ಕೊಂದು ಹೊಂದಿಕೊಂಡಿವೆ. ಕಂದಕಕ್ಕೆ ಮಣ್ಣು ಸುರಿದರೆ ಗೋಡೆಯ ಬುಡಕ್ಕಷ್ಟೇ ಅಲ್ಲ, ಮಳೆನೀರಿನ ದಾರಿಗೂ ಪೆಟ್ಟು ಬೀಳುತ್ತದೆ.

ಕಾನೂನಿಗೂ ಬರಗಾಲವಿಲ್ಲ. ಕೇಂದ್ರ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು 2010ರ ತಿದ್ದುಪಡಿ ಹೇಳುತ್ತದೆ. ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮಹಾಯೋಜನೆಯಲ್ಲೂ ಪರಂಪರೆಗೆ ಜಾಗವಿದೆ. ನಕ್ಷೆ ಬರೆಯುವಾಗ ಅದನ್ನು ಬಳಸಬೇಕಷ್ಟೇ.

ಈ ಮಾತು ರಾಯಚೂರಿಗೆ ನಿಲ್ಲುವುದಿಲ್ಲ. ಹರಿಕಥಾಮೃತಸಾರದ ಜಗನ್ನಾಥದಾಸರ ಮಾನ್ವಿ, ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳು, ಶಾಸನಗಳು ಕೂಡ ರಸ್ತೆ ಅಗಲೀಕರಣದ ಗುರುತು ಬೀಳುವ ಮೊದಲೇ ನಕ್ಷೆಗೆ ಬರಬೇಕು.

ಪಟ್ಟಣದ ಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ಪ್ರತಿ ನಾಗರಿಕನಿಗಿದೆ. ಮೂರೂ ಊರಿನವರು ಅದನ್ನು ಬರವಣಿಗೆಯಲ್ಲಿ, ಗಡುವಿನೊಳಗೆ ಸಲ್ಲಿಸಲಿ.