ಮರದ ತಿರುಪಿಗೆ ಕಬ್ಬಿಣದ ಲೆಕ್ಕ ಸಾಲದು

ಮನೆಯ ಬಾಲ್ಕನಿಯಲ್ಲಿ ಮರಗೆಲಸ ಕಲಿಯುವವರಿಗೆ ಇಂದಲ್ಲ ನಾಳೆ ಒಂದು ಆಸೆ ಹುಟ್ಟುತ್ತದೆ: ತಿರುಪೂ ಮರದ್ದೇ, ನಟ್ಟೂ ಮರದ್ದೇ ಆದ ಒಂದು ಕ್ಲ್ಯಾಂಪ್ ಮಾಡಬೇಕು. ಹಾರ್ಡ್‌ವೇರ್ ಅಂಗಡಿಯಿಂದ ಕಬ್ಬಿಣದ ತೂತಿನೊಳಗೆ ಸುತ್ತು ಕೊರೆಯುವ ಟ್ಯಾಪ್ ತಂದು ಮೆದು ಮರಕ್ಕೆ ತಿರುಗಿಸುತ್ತಾರೆ. ಕೊರೆದ ಸುತ್ತುಗಳು ಪುಡಿಪುಡಿಯಾಗಿ ಉದುರುತ್ತವೆ. ಕೈಗುಣವನ್ನು ಬೈದುಕೊಳ್ಳಬೇಕಿಲ್ಲ, ಇದು ಮರದ ನಾರಿನ ಸ್ವಭಾವ.

ನಾರು ಉದ್ದಕ್ಕೆ ಓಡುತ್ತದೆ. ಗುಂಡು ಕೋಲಿನ ಮೇಲೆ ಸುತ್ತು ಕೊರೆದಾಗ ಪ್ರತಿ ಏಣಿನಲ್ಲೂ ಉಳಿಯುವುದು ಗಿಡ್ಡ ನಾರು. ಎಳೆತ ಬಿದ್ದರೆ ಕಬ್ಬಿನ ಸಿಪ್ಪೆಯಂತೆ ಸೀಳಿ ಬರುತ್ತದೆ. ಅದಕ್ಕೇ ಏಣು ದಪ್ಪವಾಗಿರಬೇಕು, ಸುತ್ತು ಕಡಿಮೆ ಇರಬೇಕು. 24 ಮಿ.ಮೀ. ಕಬ್ಬಿಣದ ಬೋಲ್ಟಿನಲ್ಲಿ ಸಾಮಾನ್ಯವಾಗಿ 3 ಮಿ.ಮೀ.ಗೊಂದು ಸುತ್ತು. 1 ಇಂಚಿನ ಮರದ ತಿರುಪಿನಲ್ಲಿ ಇಂಚಿಗೆ 6 ಸುತ್ತು, ಅಂದರೆ ಸುಮಾರು 4.2 ಮಿ.ಮೀ.ಗೊಂದು. ಅದರ ನಟ್ಟಿಗೆ ಸುಮಾರು 22 ಮಿ.ಮೀ. ತೂತು ಸಾಕು. ತೂತನ್ನು ಹಲಗೆಯ ಮುಖಕ್ಕೆ ಹಾಕಿ, ತುದಿಗಲ್ಲ. ತುದಿಯಲ್ಲಿ ಮತ್ತೆ ಅದೇ ಗಿಡ್ಡ ನಾರಿನ ತೊಂದರೆ.

ಯಾವ ಮರ? ತೇಗ ಎಂದರೆ ನಮಗೆ ಭಕ್ತಿ. ಆದರೆ ಅದರ ರಂಧ್ರಗಳು ದೊಡ್ಡವು, ಚೂಪು ಏಣಿನ ಅಂಚು ಚಕ್ಕೆ ಏಳುತ್ತದೆ. ಚನ್ನಪಟ್ಟಣದ ಬೊಂಬೆಯವರು ಕಡೆಯುವ ಹಾಲೆ ಮರ ಮೆದು, ಆದರೂ ನುಣುಪು. ಹಗುರ ಕೆಲಸಕ್ಕೆ, ಸಣ್ಣ ಡಬ್ಬಿಯ ಮುಚ್ಚಳಕ್ಕೆ ಅದು ಒಗ್ಗುತ್ತದೆ. ಜೋರಾಗಿ ಬಿಗಿಯುವ ಕ್ಲ್ಯಾಂಪಿಗೆ ಗಟ್ಟಿ, ಒತ್ತು ನಾರಿನ ಮರವೇ ಬೇಕು. ಕೋಲಿನ ಮೇಲೆ ಸುತ್ತು ಕತ್ತರಿಸುವುದು 'ಸ್ಕ್ರೂ ಬಾಕ್ಸ್'. ಒಳಗೊಂದು ವಿ ಆಕಾರದ ಉಳಿ ಇರುವ ಮರದ ಅಚ್ಚು ಅದು, ಬೇರೇನಲ್ಲ. ಕೋಲಿಗೆ ಮೊದಲು ಅಗಸೆ ಎಣ್ಣೆ ಕುಡಿಸಿ, ಉಳಿಯನ್ನು ಚೆನ್ನಾಗಿ ಹರಿತ ಮಾಡಿ. ಮೊಂಡು ಉಳಿ ನಾರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ.

ಬಿಗಿ ತಿರುಪು ಒಳ್ಳೆಯದೆಂದು ಭಾವಿಸಬೇಡಿ. ಮಳೆಗಾಲದಲ್ಲಿ ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಾರ್ಚಿನ ಒಣಹವೆಯಲ್ಲಿ ನಯವಾಗಿ ತಿರುಗಿದ್ದು ಜುಲೈನಲ್ಲಿ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಸಡಿಲ ಬಿಟ್ಟು, ಸುತ್ತುಗಳಿಗೆ ಮೇಣ ಉಜ್ಜಿ.

ಗುಟೆನ್‌ಬರ್ಗ್ ಕಾಲದ ಮುದ್ರಣಯಂತ್ರಗಳು ಕಾಗದ ಒತ್ತಿದ್ದು ಮರದ ತಿರುಪಿನಿಂದಲೇ. ಹಾಗೆಂದು ಎಲ್ಲದಕ್ಕೂ ಮರದ್ದೇ ಬೇಕೆಂಬ ಹಟ ಬೇಡ. ಒಮ್ಮೆ ಬಿಗಿದರೆ ವರ್ಷಗಟ್ಟಲೆ ಬಿಚ್ಚದ ಮಂಚದ ಕಾಲಿಗೆ ಕಬ್ಬಿಣದ ಬೋಲ್ಟೇ ವಾಸಿ. ದಿನವೂ ಕೈಯಲ್ಲಿ ತಿರುಗಿಸುವ ಕ್ಲ್ಯಾಂಪಿಗೆ, ಪುಸ್ತಕ ಕಟ್ಟುವವರ ಒತ್ತುಮಣೆಗೆ ಮಾತ್ರ ಮರದ ತಿರುಪು ಮಾಡಿ: ಕೆಲಸಕ್ಕೆ ತುಕ್ಕಿನ ಕಲೆ ಅಂಟುವುದಿಲ್ಲ.