ಮರೆವು ಅಪರಾಧವಲ್ಲ

“ಕ್ಯಾನ್ಸರ್ ವಾಸಿಯಾಯಿತು, ಆದರೆ ತಲೆ ಮೊದಲಿನಂತಿಲ್ಲ.” ಇಷ್ಟು ಹೇಳಿಕೊಳ್ಳಲು ನಮ್ಮ ದುಡಿಯುವ ಜನ ಹೆದರುತ್ತಾರೆ. ಹೇಳಿದರೆ ಗಿರಣಿಯ ಕೆಲಸ ಹೋದೀತು, ಅಂಗಡಿಗೆ ಸರಕು ಕೊಡುವ ಸಗಟು ವ್ಯಾಪಾರಿ ಕೈ ಬಿಗಿ ಹಿಡಿದಾನು, ನೆರೆಯವರು ಹುಚ್ಚೆಂದಾರು ಎಂಬ ಭಯ. ಈ ಭಯ ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಇದರ ಹೊಣೆ ರೋಗಿಯದಲ್ಲವೆಂದು ಖಂಡಿತವಾಗಿ ಹೇಳುತ್ತೇವೆ.

ಆಗುವುದೇನು? ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಒಂದರಲ್ಲಿ ಕಡಿದ ನೂಲನ್ನು ಗಂಟು ಹಾಕುವಷ್ಟರಲ್ಲಿ ಇನ್ನೊಂದನ್ನು ಮರೆಯುತ್ತಾಳೆ. ಜಾಬರ್ ಹೇಳಿದ ಮೂರು ಮಾತಿನಲ್ಲಿ ಮೂರನೆಯದು ತಲೆಯಲ್ಲಿ ನಿಲ್ಲುವುದಿಲ್ಲ. ಬಾಯಿಲೆಕ್ಕದಲ್ಲೇ ವ್ಯವಹಾರ ನಡೆಸುತ್ತಿದ್ದ ಕಿರಾಣಿ ಅಂಗಡಿಯವನು ಉದ್ರಿ ಕೊಟ್ಟದ್ದನ್ನು ಬರೆಯಲು ಮರೆಯುತ್ತಾನೆ. ಹತ್ತು ವರ್ಷದ ಗಿರಾಕಿಯ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತದೆ. ನೋಡುವವರಿಗೆ ಆಳು ಗಟ್ಟಿಮುಟ್ಟಾಗಿದ್ದಾನೆ. ಕೂದಲು ಮರಳಿ ಬಂದಿದೆ, ಮುಖದಲ್ಲಿ ಕಳೆಯಿದೆ. ಇನ್ನೇನು, ಮೈಗಳ್ಳತನವೆಂದು ತೀರ್ಪು ಕೊಟ್ಟುಬಿಡುತ್ತಾರೆ!

ಈ ತೀರ್ಪು ಅಜ್ಞಾನದ್ದು. 2017ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಸ್ತನ ಕ್ಯಾನ್ಸರಿಗೆ ಕಿಮೊಥೆರಪಿ ಪಡೆದ 581 ಮಂದಿಯನ್ನೂ ಈ ರೋಗವಿಲ್ಲದ 364 ಮಂದಿಯನ್ನೂ ಒಂದೇ ಬಗೆಯ ಪ್ರಶ್ನೆಗಳಿಂದ ವಿಚಾರಿಸಿದರು. ಚಿಕಿತ್ಸೆ ಮುಗಿಯುವ ಹೊತ್ತಿಗೆ ತಮ್ಮ ನೆನಪು, ಗಮನ, ಯೋಚನೆ ಎದ್ದುಕಾಣುವಷ್ಟು ಕುಗ್ಗಿವೆಯೆಂದು ರೋಗಿಗಳಲ್ಲಿ ನೂರಕ್ಕೆ ಸುಮಾರು 45 ಮಂದಿ ತಿಳಿಸಿದರು. ರೋಗವಿಲ್ಲದವರಲ್ಲಿ ಸುಮಾರು 10 ಮಂದಿ ಮಾತ್ರ. ಆರು ತಿಂಗಳು ಕಳೆದ ಮೇಲೂ ರೋಗಿಗಳಲ್ಲಿ ನೂರಕ್ಕೆ 36ಕ್ಕೂ ಹೆಚ್ಚು ಮಂದಿಗೆ ಈ ತೊಂದರೆಯಿತ್ತು. “ವಯಸ್ಸಾದರೆ ಎಲ್ಲರಿಗೂ ಮರೆವು ಬರುತ್ತದೆ” ಎನ್ನುವವರು ಈ ಅಂಕಿಗಳಿಗೆ ಏನು ಉತ್ತರ ಕೊಡುತ್ತಾರೆ?

2012ರಲ್ಲಿ ನೆದರ್ಲೆಂಡ್ಸ್ ದೇಶದ ಸಂಶೋಧಕರು, ಕಿಮೊಥೆರಪಿ ಪಡೆದು ಸರಾಸರಿ 21 ವರ್ಷ ಕಳೆದಿದ್ದ ಮಹಿಳೆಯರನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಮಾತುಗಳನ್ನು ನೆನಪಿಟ್ಟುಕೊಳ್ಳುವುದರಲ್ಲಿ, ಚುರುಕಾಗಿ ಯೋಚಿಸುವುದರಲ್ಲಿ ಅವರು ಕ್ಯಾನ್ಸರ್ ಬಾರದವರಿಗಿಂತ ಸ್ವಲ್ಪ ಹಿಂದೆ ಇದ್ದರು. ಅಂದರೆ ಕೆಲವರಲ್ಲಿ ಇದು ಬಹುಕಾಲ ಉಳಿಯುವ ಗಾಯ.

ಇದಕ್ಕೆ ಔಷಧವೊಂದೇ ಕಾರಣವಲ್ಲ. ಕೆಲವರಲ್ಲಿ ಕಿಮೊಥೆರಪಿಯ ಮೊದಲ ಬಾಟಲಿ ಏರಿಸುವ ಮುನ್ನವೇ ನೆನಪಿನ ಶಕ್ತಿ ಕುಗ್ಗಿರುವುದನ್ನು ವೈದ್ಯರು ಕಂಡಿದ್ದಾರೆ. ರೋಗವು ದೇಹದಲ್ಲಿ ಎಬ್ಬಿಸುವ ಉರಿಯೂತ, ರಕ್ತಹೀನತೆ, ನಿದ್ದೆಗೇಡು, ದಣಿವು, ಮನಸ್ಸಿನ ಕುಸಿತ, ಹಾರ್ಮೋನು ತಡೆಯುವ ಮಾತ್ರೆಗಳು, ತಲೆಗೆ ಕೊಡುವ ವಿಕಿರಣ – ಇವೆಲ್ಲಕ್ಕೂ ಇದರಲ್ಲಿ ಪಾಲುಂಟು. ಕಾರಣ ಯಾವುದೇ ಇರಲಿ, ಪೆಟ್ಟು ಬಿದ್ದಿರುವುದು ದೇಹಕ್ಕೆ. ಯಂತ್ರಕ್ಕೆ ಸಿಕ್ಕಿ ಬೆರಳು ಹೋದವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಕಣ್ಣಿಗೆ ಕಾಣದ ಗಾಯಕ್ಕೆ ಮಾತ್ರ ಬೇರೆ ನ್ಯಾಯವೇ?

“ಇಂಥ ವಿಷಯ ಬರೆದರೆ ರೋಗಿಗಳು ಹೆದರಿ ಔಷಧ ಬಿಟ್ಟಾರು, ಸುಮ್ಮನಿರಿ” ಎಂದು ಬುದ್ಧಿ ಹೇಳುವವರೂ ಇದ್ದಾರೆ. ಅವರ ಕಳಕಳಿಯನ್ನು ನಾವು ಹಳಿಯುವುದಿಲ್ಲ. ಕ್ಯಾನ್ಸರಿನ ಚಿಕಿತ್ಸೆ ಪ್ರಾಣ ಉಳಿಸುತ್ತದೆ. ಮರೆವಿಗೆ ಅಂಜಿ ಅದನ್ನು ಅರ್ಧಕ್ಕೆ ಬಿಡುವುದು ಪ್ರಾಣಕ್ಕೆ ಎರವಾಗುವ ತಪ್ಪು. ಬಹುಮಂದಿಗೆ ಈ ತೊಂದರೆ ಸಣ್ಣದು, ತಿಂಗಳುಗಳು ಕಳೆದಂತೆ ಇಳಿಯುವಂಥದು. ಇದು ಮುದಿತನದ ಮತಿಭ್ರಮಣೆಯೂ ಅಲ್ಲ. ಆದರೆ ಈ ಧೈರ್ಯದ ಮಾತನ್ನು ರೋಗಿಗೆ ಮೊದಲೇ ಹೇಳಬೇಡವೇ? ಮುಚ್ಚಿಟ್ಟರೆ, ಆತ ತನಗೇ ತಲೆಕೆಟ್ಟಿತೆಂದು ಒಳಗೊಳಗೇ ಕೊರಗುತ್ತಾನೆ. ಭಯ ಹುಟ್ಟುವುದು ಆ ಮೌನದಲ್ಲಿ.

ಇನ್ನು ಕಾನೂನಿನ ಕಡೆ ನೋಡೋಣ. ಇ.ಎಸ್.ಐ. ಯೋಜನೆಯಲ್ಲಿ ಕ್ಯಾನ್ಸರ್ ದೀರ್ಘ ಕಾಯಿಲೆಗಳ ಪಟ್ಟಿಗೆ ಸೇರಿದೆ. ಅರ್ಹ ಕಾರ್ಮಿಕನಿಗೆ ಕೂಲಿಯ ನೂರಕ್ಕೆ 80ರಷ್ಟು ಹಣ ಎರಡು ವರ್ಷದವರೆಗೆ ದೊರೆಯಬಹುದು. ಒಳ್ಳೆಯದೇ. ಆದರೆ “ಕೆಲಸಕ್ಕೆ ಯೋಗ್ಯ” ಎಂಬ ಸರ್ಟಿಫಿಕೇಟು ಕೈಗೆ ಬಂದ ಮರುದಿನ? ಅಂದಿನಿಂದ ಅದೇ ಪಾಳಿ, ಅದೇ ಯಂತ್ರ, ಅದೇ ಲೆಕ್ಕ. ಗಡ್ಡೆ ಕರಗಿತೇ ಎಂದು ಯಂತ್ರವಿಟ್ಟು ನೋಡುವವರು, ನೆನಪು ಹೇಗಿದೆ ಎಂದು ಬಾಯಿಮಾತಿಗಾದರೂ ಕೇಳಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕ್ಯಾನ್ಸರಿನ ಹೆಸರು ಅದರಲ್ಲಿಲ್ಲ. ಕೆಲಸದಲ್ಲಿರುವಾಗ ವೈಕಲ್ಯಕ್ಕೆ ಒಳಗಾದವರನ್ನು ತೆಗೆದುಹಾಕಬಾರದೆಂಬ ಅದೇ ಕಾಯಿದೆಯ 20ನೆಯ ಕಲಮು ಕಟ್ಟಿಹಾಕುವುದು ಸರ್ಕಾರಿ ಸಂಸ್ಥೆಗಳನ್ನು ಮಾತ್ರ. ಖಾಸಗಿ ಗಿರಣಿಯ ಧಣಿಗೆ ಆ ಕಟ್ಟಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯಿದೆಯನ್ನು ನೋಡಿರಿ: ಕ್ಯಾನ್ಸರ್ ಇದೆಯೆಂದು ಗೊತ್ತಾದ ದಿನದಿಂದಲೇ ಆ ಕೆಲಸಗಾರನಿಗೆ ರಕ್ಷಣೆ, ಅವನಿಗೆ ತಕ್ಕಂತೆ ಕೆಲಸವನ್ನು ಹೊಂದಿಸಿಕೊಡುವುದು ಮಾಲೀಕನ ಕರ್ತವ್ಯ. ಬಂಡವಾಳಗಾರರ ಆ ನಾಡಿನಲ್ಲಿ ಸಾಧ್ಯವಾದದ್ದು ಇಲ್ಲೇಕೆ ಸಾಧ್ಯವಿಲ್ಲ?

ಸಣ್ಣ ವ್ಯಾಪಾರಿಯ ಪಾಡು ಇದಕ್ಕಿಂತ ಕಷ್ಟ. ಅವನಿಗೆ ಇ.ಎಸ್.ಐ. ಇಲ್ಲ, ರಜೆಯೂ ಇಲ್ಲ. ಬಿ.ಪಿ.ಎಲ್. ಕಾರ್ಡಿದ್ದರೆ ಆಸ್ಪತ್ರೆಯ ವೆಚ್ಚಕ್ಕೆ ಸರ್ಕಾರದ ಯೋಜನೆಯಿಂದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಬರೆಯದೆ ಉಳಿದ ಉದ್ರಿಯನ್ನು ಭರ್ತಿ ಮಾಡುವವರು ಯಾರು? ಕೊಟ್ಟ ಸಾಲ ಮರೆತುಹೋಗುತ್ತದೆ, ತಂದ ಸಾಲದ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಯೋಗ್ಯತೆಯ ಸರ್ಟಿಫಿಕೇಟು ಕೊಡುವ ಮುನ್ನ ನೆನಪು, ಗಮನಗಳ ಪರೀಕ್ಷೆಯಾಗಬೇಕು. ಕೆಲಸಕ್ಕೆ ಮರಳಿದವರಿಗೆ ಮೊದಲ ಕೆಲವು ತಿಂಗಳು ಹಗಲು ಪಾಳಿ, ಒಂದೇ ಯಂತ್ರ, ಜೊತೆಗೊಬ್ಬ ಸಂಗಾತಿ ಇರಬೇಕು, ಕೂಲಿ ಕಡಿಯಕೂಡದು. 20ನೆಯ ಕಲಮಿನ ರಕ್ಷಣೆ ಖಾಸಗಿ ಗಿರಣಿಗಳಿಗೂ ವಿಸ್ತರಿಸಬೇಕು, ಕ್ಯಾನ್ಸರ್ ಪೀಡಿತರೂ ಅದರೊಳಗೆ ಬರಬೇಕು. ಸಹಕಾರಿ ಸಂಘಗಳು ಚಿಕಿತ್ಸೆಯಲ್ಲಿರುವ ವ್ಯಾಪಾರಿಯ ಕಂತುಗಳಿಗೆ ವಾಯಿದೆ ಕೊಡಬೇಕು. ಮಿದುಳಿಗೆ ಪೆಟ್ಟು ಬಿದ್ದವರಿಗೆ ನೆನಪಿನ ತರಬೇತಿ ಕೊಡುವ ವಿದ್ಯೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿದೆ. ಕ್ಯಾನ್ಸರ್ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆ ಅದರ ನೆರೆಯಲ್ಲೇ ಇದೆ. ಆ ವಿದ್ಯೆ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ರೋಗಿಗಳಿಗೆ ದೊರೆಯುವಂತಾಗಬೇಕು.

ಸರ್ಕಾರ ಕಣ್ಣು ತೆರೆಯುವವರೆಗೆ ನಾವು ಕೈಕಟ್ಟಿ ಕೂಡಬೇಕಿಲ್ಲ. ಮರೆವು ಕಂಡರೆ ವೈದ್ಯರಿಗೆ ಹೇಳಿರಿ. ರಕ್ತಹೀನತೆ, ಥೈರಾಯ್ಡ್, ನಿದ್ದೆ, ಮನಸ್ಸಿನ ಕುಸಿತಗಳಿಗೆ ಮದ್ದುಂಟು. ವೈದ್ಯರು ಒಪ್ಪಿದಷ್ಟು ದಿನವೂ ನಡೆಯಿರಿ, ವ್ಯಾಯಾಮದಿಂದ ಲಾಭವಿದೆ. ಒಂದು ಹೊತ್ತಿಗೆ ಒಂದೇ ಕೆಲಸ, ಎಲ್ಲಕ್ಕೂ ಒಂದು ಪುಸ್ತಕ. ಅಂಗಡಿಯ ಕಿರ್ದಿಯನ್ನು ಮನೆಯ ಇನ್ನೊಬ್ಬರಿಂದ ದಿನವೂ ನೋಡಿಸಿರಿ.

ಪಕ್ಕದ ಮಗ್ಗದ ಸೋದರಿ ಕಡಿದ ನೂಲನ್ನು ಮರೆತರೆ ನಗಬೇಡಿರಿ, ಜಾಬರನಿಗೆ ದೂರಬೇಡಿರಿ. ಗಂಟು ನೀವು ಹಾಕಿರಿ. ಸಂಜೆ ಅವಳನ್ನು ಸಂಘದ ಕಚೇರಿಗೆ ಕರೆತನ್ನಿರಿ. ಮುಂದಿನ ಬೇಡಿಕೆಪಟ್ಟಿಯಲ್ಲಿ ಅವಳ ಮಾತೂ ಸೇರಲಿ.